ಅಮೆರಿಕದ ಕಾರು ಕೆನಡಾಕ್ಕೆ: ಎಡವುವುದು ಹೊರಡುವ ದಡದಲ್ಲೇ

ಗ್ರೀನ್ ಕಾರ್ಡಿನ ಸರದಿ ಕಾದು ಕಾದು ಬೇಸತ್ತು, ಕೆನಡಾದ ಪಿಆರ್, ಅಂದರೆ ಕಾಯಂ ನಿವಾಸದ ಪರವಾನಗಿ ಪಡೆದು ಟೆಕ್ಸಾಸ್, ನ್ಯೂಜೆರ್ಸಿಗಳಿಂದ ಟೊರಾಂಟೊ ಕಡೆಗೆ ಹೊರಡುವ ಕನ್ನಡ ಕುಟುಂಬಗಳು ಈಗ ಕಡಿಮೆಯಿಲ್ಲ. ಸಾಲ ತೀರಿಸಿದ ಕಾರೊಂದು ಮನೆ ಮುಂದೆ ನಿಂತಿರುತ್ತದೆ. ಅದನ್ನು ಮಾರುವುದೋ, ಓಡಿಸಿಕೊಂಡೇ ಹೋಗುವುದೋ ಎಂಬ ಪ್ರಶ್ನೆ ಏಳುತ್ತದೆ. ಇನ್ನು ಕೆಲವರು ಒಂಟಾರಿಯೊದಲ್ಲೇ ನೆಲೆಸಿದವರು. ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಇಲ್ಲಿನ ಹಳೆ ಕಾರುಗಳ ತಳವನ್ನು ತಿಂದುಹಾಕಿರುತ್ತದೆ, ಹಾಗಾಗಿ ತುಕ್ಕು ಹಿಡಿಯದ ದಕ್ಷಿಣ ರಾಜ್ಯಗಳ ಕಾರಿನ ಮೇಲೆ ಅವರ ಕಣ್ಣು.

ಇಬ್ಬರೂ ಸಿಕ್ಕಿಬೀಳುವ ಜಾಗ ಒಂದೇ. ಕೆನಡಾದ ನಿಯಮಗಳನ್ನೆಲ್ಲ ಓದಿಕೊಂಡು ಬರುತ್ತಾರೆ, ಅಮೆರಿಕ ಬಿಡುವುದಕ್ಕೂ ಒಂದು ವಿಧಿಯಿದೆ ಎಂಬುದನ್ನು ಮರೆಯುತ್ತಾರೆ. ಬೆಂಗಳೂರಿನ ಗಾಡಿಯನ್ನು ಪುಣೆಯಲ್ಲಿ ನೋಂದಾಯಿಸಿದವರಿಗೆ ಇದು ಅರ್ಥವಾಗುತ್ತದೆ: ಹೊಸ ಊರಿನ ಆರ್‌ಟಿಒ ಬರಮಾಡಿಕೊಳ್ಳುವ ಮೊದಲು ಹಳೆ ಊರಿನವರು ಎನ್‌ಒಸಿ ಕೊಟ್ಟಿರಬೇಕು. ಇಲ್ಲಿ ಆ ಎನ್‌ಒಸಿಯ ಜಾಗದಲ್ಲಿ ಇರುವುದು ಅಮೆರಿಕದ ಕಸ್ಟಮ್ಸ್, ಅಂದರೆ ಸಿಬಿಪಿಯ ರಫ್ತು ಕಚೇರಿ.

ಬಳಸಿದ ವಾಹನ ಯಾವುದೇ ಆಗಲಿ, ಬೆಲೆ ಎಷ್ಟೇ ಇರಲಿ, ಅದು ಕಾಯಂ ಆಗಿ ಅಮೆರಿಕದಿಂದ ಹೊರಗೆ ಹೋಗುವಾಗ ಎಇಎಸ್ ಎಂಬ ವ್ಯವಸ್ಥೆಯಲ್ಲಿ ವಿದ್ಯುನ್ಮಾನ ರಫ್ತು ಘೋಷಣೆ ಸಲ್ಲಿಸಬೇಕು. ಕೆನಡಾಕ್ಕೆ ಹೋಗುವ ಬೇರೆ ಬಹುಪಾಲು ಸರಕಿಗೆ ಈ ಘೋಷಣೆ ಬೇಡ, ಬಳಸಿದ ವಾಹನಕ್ಕೆ ಬೇಕೇ ಬೇಕು. ಸಲ್ಲಿಸಿದ ಮೇಲೆ ಐಟಿಎನ್ ಎಂಬ ಸಂಖ್ಯೆ ಬರುತ್ತದೆ: ಎಕ್ಸ್ ಅಕ್ಷರ, ಅದರ ನಂತರ 14 ಅಂಕಿ. ಸ್ವಂತವಾಗಿ ಸಲ್ಲಿಸುವವರಿಗೆ ಇಐಎನ್, ಅಂದರೆ ಉದ್ಯೋಗದಾತರಿಗೆ ಕೊಡುವ ಗುರುತಿನ ಸಂಖ್ಯೆ ಬೇಕು, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ನಡೆಯುವುದಿಲ್ಲ. ಇಐಎನ್ ಅನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಉಚಿತವಾಗಿಯೇ ಕೊಡುತ್ತದೆ. ಆದರೂ ಒಂದೇ ಒಂದು ಕಾರಿಗಾಗಿ ಎಇಎಸ್ ಜಾಲತಾಣದಲ್ಲಿ ತಡಕಾಡುವ ಬದಲು ಗಡಿ ಊರಿನ ರಫ್ತು ಏಜೆಂಟ್ ಕೈಗೆ ಕೆಲಸ ಒಪ್ಪಿಸುವುದು ಮೇಲು. ಘೋಷಣೆಯಲ್ಲಿ ಒಂದು ಅಂಕಿ ತಪ್ಪಿದರೂ ಸರಿಪಡಿಸಿ ಮತ್ತೆ ಸಲ್ಲಿಸಬೇಕಾಗುತ್ತದೆ, ಆ ಹೊತ್ತಿಗೆ ಸಾಮಾನಿನ ಟ್ರಕ್ಕು ಹೊರಟು ಹೋಗಿರುತ್ತದೆ.

ಐಟಿಎನ್ ಬಂದ ಮೇಲೆ ಅದನ್ನೂ, ಟೈಟಲ್ ಎಂಬ ಮಾಲೀಕತ್ವದ ಪತ್ರದ ಎರಡೂ ಬದಿಯ ಪ್ರತಿಯನ್ನೂ, ಖರೀದಿ ಪತ್ರವನ್ನೂ, ಗುರುತಿನ ಚೀಟಿಯನ್ನೂ ನೀವು ದಾಟಲಿರುವ ಗಡಿಯ ರಫ್ತು ಕಚೇರಿಗೆ ಕನಿಷ್ಠ 72 ಗಂಟೆ ಮೊದಲೇ ತಲುಪಿಸಬೇಕು. ಹೊರಡುವ ದಿನ ಮೂಲ ಟೈಟಲ್ ಮತ್ತು ಕಾರು ಎರಡನ್ನೂ ಅವರ ಮುಂದೆ ತಂದು ನಿಲ್ಲಿಸಬೇಕು. ಅವರು ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ ನೋಡಿ ಟೈಟಲ್ ಮೇಲೆ ಮುದ್ರೆ ಒತ್ತುತ್ತಾರೆ. ಇಲ್ಲಿ ಮೂರು ಎಚ್ಚರಿಕೆ ಇರಲಿ. ರಫ್ತು ಕಚೇರಿಯ ವೇಳೆ ಸೇತುವೆಯ ವೇಳೆಯಂತಲ್ಲ, ಸೇತುವೆ ಹಗಲಿರುಳು ತೆರೆದಿದ್ದರೂ ಕಚೇರಿ ಶನಿವಾರ, ಭಾನುವಾರ ಮುಚ್ಚಿರಬಹುದು. ಕಚೇರಿ ಅಮೆರಿಕದ ದಡದಲ್ಲಿರುತ್ತದೆ, ಸೇತುವೆಯ ಸಾಲಿಗೆ ಸೇರಿಬಿಟ್ಟರೆ ಹಿಂದೆ ತಿರುಗುವುದು ಕಷ್ಟ, ಆದ್ದರಿಂದ ಮೊದಲೇ ಫೋನ್ ಮಾಡಿ ದಾರಿ ಕೇಳಿಕೊಳ್ಳಿ. ಇನ್ನು, ಎಲ್ಲ ಸೇತುವೆಯೂ ಈ ಕೆಲಸಕ್ಕೆ ಬರುವುದಿಲ್ಲ. ನಯಾಗರಾದ ವರ್ಲ್‌ಪೂಲ್ ಸೇತುವೆ, ಮೊದಲೇ ತಪಾಸಣೆಯಾದ ಪ್ರಯಾಣಿಕರಿಗೆ ಕೊಡುವ ನೆಕ್ಸಸ್ ಕಾರ್ಡಿದ್ದವರಿಗಷ್ಟೇ. ಬಫಲೋದ ಪೀಸ್ ಬ್ರಿಜ್, ಲೂಯಿಸ್ಟನ್–ಕ್ವೀನ್‌ಸ್ಟನ್, ಡೆಟ್ರಾಯ್ಟ್‌ನ ಅಂಬಾಸಡರ್ ಬ್ರಿಜ್ ಇಂಥ ದೊಡ್ಡ ಗಡಿಗಳನ್ನೇ ಆರಿಸಿ.

ಈ ಹಂತ ಹಾರಿಸಿ ನೇರ ಕೆನಡಾಕ್ಕೆ ಬಂದವರಿಗೆ ಅಂದು ಏನೂ ಆಗದೆ ಹೋಗಬಹುದು, ಕೆನಡಾದ ಅಧಿಕಾರಿ ಆ ಮುದ್ರೆ ಕೇಳದೆಯೂ ಇರಬಹುದು. ಆದರೆ ದಂಡ ಹಾಕುವ, ವಾಹನ ವಶಪಡಿಸಿಕೊಳ್ಳುವ ಅಧಿಕಾರ ಸಿಬಿಪಿಗಿದೆ. ಅಮೆರಿಕದಲ್ಲಿ ವೀಸಾ, ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಬಾಕಿಯಿರುವವರು ಇಂಥದ್ದೊಂದು ಉಲ್ಲಂಘನೆಯನ್ನು ತಮ್ಮ ಹೆಸರಿಗೆ ಅಂಟಿಸಿಕೊಳ್ಳಬಾರದು.

ಟೈಟಲ್ ಅಂದರೆ ನಮ್ಮ ಆರ್‌ಸಿ ಇದ್ದಂತೆ, ಆದರೆ ಮಾಲೀಕತ್ವದ ಪತ್ರವೂ ಅದೇ. ಬ್ಯಾಂಕ್ ಸಾಲ ಬಾಕಿಯಿದ್ದರೆ ಆರ್‌ಸಿ ಮೇಲೆ ಹೈಪೋಥಿಕೇಶನ್ ಬರೆದಿರುವಂತೆ ಇದರ ಮೇಲೆ ಲೀನ್ ಇರುತ್ತದೆ. ಸಾಲ ತೀರದ ಕಾರನ್ನು ಹೊರಗೆ ಒಯ್ಯಬೇಕಾದರೆ ಬ್ಯಾಂಕು ತನ್ನ ಲೆಟರ್‌ಹೆಡ್‌ನಲ್ಲಿ, ವಿಐಎನ್ ಸಮೇತ, ರಫ್ತಿಗೆ ನಮ್ಮ ಒಪ್ಪಿಗೆ ಇದೆ ಎಂದು ಸಹಿ ಮಾಡಿ ಬರೆದುಕೊಡಬೇಕು. ಇಂಥ ಪತ್ರ ಕೊಡಲು ಬ್ಯಾಂಕುಗಳು ಸುಲಭಕ್ಕೆ ಮನಸ್ಸು ಮಾಡುವುದಿಲ್ಲ. ಸಾಲ ತೀರಿಸಿದವರಿಗೂ ಒಂದು ತೊಡಕಿದೆ: ಹಲವು ರಾಜ್ಯಗಳಲ್ಲಿ ಟೈಟಲ್ ಕಂಪ್ಯೂಟರಿನಲ್ಲಷ್ಟೇ ಇರುತ್ತದೆ. ಕಾಗದದ ಟೈಟಲ್ ಕೈಗೆ ಬರಲು ವಾರಗಳು ಬೇಕು. ಕೊನೆಯ ಕಂತು ಕಟ್ಟಿದ ಮಾರನೆಯ ದಿನ ಹೊರಡುವ ಲೆಕ್ಕ ಹಾಕಬೇಡಿ. ಕಾರು ಖರೀದಿಸಲು ಹೊರಟವರಿಗೆ ಒಂದು ಮಾತು: ಟೈಟಲ್ ಹಿಂಬದಿಯಲ್ಲಿ ಗೀಚಿದ್ದು, ವೈಟ್‌ನರ್ ಹಚ್ಚಿದ್ದು ಕಂಡರೆ ದುಡ್ಡು ಕೊಡದೆ ವಾಪಸ್ ಬನ್ನಿ. ಜಂಕ್, ಪಾರ್ಟ್ಸ್ ಓನ್ಲಿ, ನಾನ್‌ರಿಪೇರಬಲ್ ಎಂಬ ಮಾತು ಟೈಟಲ್ ಮೇಲಿದ್ದರೆ ಅದು ಕೆನಡಾದ ರಸ್ತೆಗೆ ಇಳಿಯುವುದಿಲ್ಲ. ನೆರೆಯಲ್ಲಿ ಮುಳುಗಿದ ಕಾರಿಗೆ ಬೇರೆ ರಾಜ್ಯದಲ್ಲಿ ಶುದ್ಧ ಟೈಟಲ್ ಮಾಡಿಸಿ ಮಾರುವವರೂ ಇದ್ದಾರೆ. ಹಿಂದಿನ ಎಲ್ಲ ರಾಜ್ಯಗಳ ದಾಖಲೆ ತೋರಿಸುವ ಇತಿಹಾಸ ವರದಿ ತೆಗೆಸದೆ ಮುಂಗಡ ಕೊಡಬೇಡಿ.

ಇನ್ನು ಸುಂಕ. ಕಾರು ಎಲ್ಲಿ ಕೊಂಡದ್ದು ಎನ್ನುವುದಕ್ಕಿಂತ ಎಲ್ಲಿ ತಯಾರಾದದ್ದು ಎನ್ನುವುದೇ ಇಲ್ಲಿ ಮುಖ್ಯ. ವಿಐಎನ್‌ನ ಮೊದಲ ಅಕ್ಷರ ನೋಡಿದರೆ ಸಾಕು: 1, 4, 5 ಅಮೆರಿಕ, 2 ಕೆನಡಾ, 3 ಮೆಕ್ಸಿಕೊ, ಜೆ ಜಪಾನ್, ಕೆ ಕೊರಿಯಾ, ಡಬ್ಲ್ಯು ಜರ್ಮನಿ. ಜಪಾನ್, ಕೊರಿಯಾ, ಯುರೋಪಿನಲ್ಲಿ ತಯಾರಾದ ಕಾರಿಗೆ 6.1 ಶೇಕಡಾ ಸುಂಕ. ಜಪಾನಿನೊಂದಿಗೆ ಕೆನಡಾಕ್ಕೆ ವ್ಯಾಪಾರ ಒಪ್ಪಂದವಿದೆಯಲ್ಲ ಎಂದು ವಾದಿಸಿ ಫಲವಿಲ್ಲ, ಅಮೆರಿಕದ ಮಾರುಕಟ್ಟೆಗೆ ಇಳಿದು ಮಾರಾಟವಾದ ಕಾರಿಗೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಅಮೆರಿಕದಲ್ಲೇ ತಯಾರಾದ ಕಾರಿಗೆ ಮೊದಲು ಸುಂಕವಿರಲಿಲ್ಲ, 1ರಿಂದ ಶುರುವಾಗುವ ವಿಐಎನ್ ಕಂಡರೆ ನಿಶ್ಚಿಂತೆ ಇತ್ತು. 2025ರ ಏಪ್ರಿಲ್ 9ರಂದು ಕೆನಡಾ ಅಮೆರಿಕದ ವಾಹನಗಳ ಮೇಲೆ 25 ಶೇಕಡಾ ಹೆಚ್ಚುವರಿ ಸುಂಕ ಹೇರಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶಗಳ ವ್ಯಾಪಾರ ಒಪ್ಪಂದದ ಷರತ್ತಿಗೆ ಒಳಪಡುವ ಕಾರಾದರೆ ಕೆನಡಾ, ಮೆಕ್ಸಿಕೊ ಪಾಲನ್ನು ಕಳೆದು ಉಳಿದ ಮೌಲ್ಯದ ಮೇಲೆ ಈ ಸುಂಕ. ಇದು ರಾಜಕೀಯದ ಗಾಳಿಗೆ ತಿರುಗುವ ದರ. ಹಳೆಯ ಬರಹಗಳನ್ನು ನಂಬದೆ, ದುಡ್ಡು ಕೊಡುವ ವಾರದಲ್ಲೇ ಕೆನಡಾ ಕಸ್ಟಮ್ಸ್, ಅಂದರೆ ಸಿಬಿಎಸ್‌ಎಯನ್ನೇ ವಿಐಎನ್ ಕೊಟ್ಟು ಕೇಳಿ.

ಒಂದು ಲೆಕ್ಕ ಹಾಕಿ ನೋಡೋಣ. ಜಪಾನಿನಲ್ಲಿ ತಯಾರಾದ ಬಳಸಿದ ಕಾರು, ಬೆಲೆ 20,000 ಅಮೆರಿಕನ್ ಡಾಲರ್. ವಿನಿಮಯ ದರ 1.40 ಎಂದಿಟ್ಟುಕೊಂಡರೆ 28,000 ಕೆನಡಿಯನ್ ಡಾಲರ್. ಸುಂಕ 1,708. ಎಸಿ ಇದ್ದರೆ ಅದಕ್ಕೊಂದು ಅಬಕಾರಿ ತೆರಿಗೆ, 100 ಡಾಲರ್. ಇವೆಲ್ಲ ಕೂಡಿದ 29,808ರ ಮೇಲೆ ಗಡಿಯಲ್ಲಿ 5 ಶೇಕಡಾ ಜಿಎಸ್‌ಟಿ, 1,490. ಒಂಟಾರಿಯೊದ ಪಾಲು 8 ಶೇಕಡಾ, ಸುಮಾರು 2,385. ಅದನ್ನು ಗಡಿಯಲ್ಲಿ ಕೇಳುವುದಿಲ್ಲ, ನೋಂದಣಿಯ ಕಿಟಕಿಯಲ್ಲಿ ಕೇಳುತ್ತಾರೆ, ಅಲ್ಲಿಯವರೆಗೆ ಅದು ಹಲವರ ಲೆಕ್ಕದಲ್ಲೇ ಇರುವುದಿಲ್ಲ. ಆಮದು ವಾಹನಗಳ ನೋಂದಣಿ ಸಂಸ್ಥೆಯಾದ ಆರ್‌ಐವಿಯ ಶುಲ್ಕ 325, ತೆರಿಗೆ ಸೇರಿ 367. ಒಟ್ಟು ಸುಮಾರು 6,050 ಡಾಲರ್. ಸಾರಿಗೆ, ಏಜೆಂಟ್, ರಿಪೇರಿ ಇದರಲ್ಲಿ ಸೇರಿಲ್ಲ. ನೂರು ಕಿಲೋಮೀಟರಿಗೆ 13 ಲೀಟರ್ ಮತ್ತು ಅದಕ್ಕಿಂತ ಹೆಚ್ಚು ಕುಡಿಯುವ ಎಸ್‌ಯುವಿ ಆದರೆ 1,000ದಿಂದ 4,000 ಡಾಲರ್‌ವರೆಗೆ ಹಸಿರು ತೆರಿಗೆಯೂ ಉಂಟು, ಪಿಕಪ್ ಟ್ರಕ್ಕಿಗೆ ಅದಿಲ್ಲ. ಅಮೆರಿಕದಲ್ಲಿ ಎರಡು ಮೂರು ಸಾವಿರ ಅಗ್ಗಕ್ಕೆ ಸಿಕ್ಕಿತು ಎಂದು ಓಡಿ ಹೋಗುವವರಿಗೆ ನನ್ನ ಸಲಹೆ, ಹೋಗಬೇಡಿ. ಒಂಟಾರಿಯೊದಲ್ಲೇ ಕೊಳ್ಳಿ.

ಹೊಸದಾಗಿ ವಲಸೆ ಬರುವವರ ಮಾತು ಬೇರೆ. ಮೊದಲ ಬಾರಿಗೆ ಕೆನಡಾದಲ್ಲಿ ನೆಲೆಸಲು ಬರುವವರು, ಬರುವ ಮೊದಲೇ ತಮ್ಮ ಸ್ವಂತದ್ದಾಗಿದ್ದ, ತಮ್ಮ ವಶದಲ್ಲಿದ್ದ, ಬಳಸಿದ ವಸ್ತುಗಳನ್ನು ಸುಂಕ, ತೆರಿಗೆಯಿಲ್ಲದೆ ತರಬಹುದು. ಕಾರೂ ಅದರಲ್ಲಿ ಸೇರುತ್ತದೆ. ಲೀಸ್ ಕಾರು ಸೇರುವುದಿಲ್ಲ, ಅದು ನಿಮ್ಮದಲ್ಲ. ಈ ಸೌಲಭ್ಯ ಕೈತಪ್ಪುವುದು ಹೆಚ್ಚಾಗಿ ಹೀಗೆ: ಪಿಆರ್ ಬಂದ ಕೂಡಲೇ ವಿಮಾನದಲ್ಲಿ ಬಂದು ವಾರವಿದ್ದು ಅಮೆರಿಕಕ್ಕೆ ಮರಳುತ್ತಾರೆ, ಸಾಮಾನು ಆಮೇಲೆ ತಂದರಾಯಿತು ಎಂದುಕೊಳ್ಳುತ್ತಾರೆ. ಆ ಮೊದಲ ಪ್ರವೇಶದ ದಿನವೇ ಬಿಎಸ್‌ಎಫ್186 ಎಂಬ ನಮೂನೆಯಲ್ಲಿ, ‘ಆಮೇಲೆ ಬರುವ ಸಾಮಾನು’ ಪಟ್ಟಿಯಲ್ಲಿ, ಕಾರಿನ ಕಂಪನಿ, ಮಾದರಿ, ವಿಐಎನ್, ಮೌಲ್ಯ ಬರೆಸಿ ಮುದ್ರೆ ಹಾಕಿಸಿಕೊಂಡಿರಬೇಕು. ಪಟ್ಟಿಯ ಎರಡು ಪ್ರತಿ ಒಯ್ಯಿರಿ. ಮೊದಲ ಪ್ರವೇಶದ ನಂತರ ಕೊಂಡ ಕಾರಿಗೆ ಈ ಸೌಲಭ್ಯವಿಲ್ಲ. ತಂದ ಕಾರನ್ನು 12 ತಿಂಗಳೊಳಗೆ ಮಾರಿದರೆ, ಯಾರಿಗಾದರೂ ಕೊಟ್ಟರೂ ಸಹ, ಬಿಟ್ಟಿದ್ದ ಸುಂಕ ಕೂಡಲೇ ಕಟ್ಟಬೇಕು. ಸುಂಕ, ತೆರಿಗೆಯಷ್ಟೇ ಮಾಫಿ, ಆರ್‌ಐವಿ ಶುಲ್ಕವಾಗಲಿ ಸುರಕ್ಷತಾ ನಿಯಮವಾಗಲಿ ಮಾಫಿಯಿಲ್ಲ.

ಆ ಸುರಕ್ಷತಾ ನಿಯಮಗಳು ಎರಡು ದೇಶಗಳಲ್ಲಿ ಬಹುಮಟ್ಟಿಗೆ ಒಂದೇ, ಪೂರ್ತಿ ಒಂದೇ ಅಲ್ಲ. 15 ವರ್ಷ ತುಂಬದ ಕಾರು ಟ್ರಾನ್ಸ್‌ಪೋರ್ಟ್ ಕೆನಡಾದ ಅರ್ಹ ವಾಹನಗಳ ಪಟ್ಟಿಯಲ್ಲಿರಬೇಕು. ವಯಸ್ಸು ಎಣಿಸುವುದು ಚಾಲಕನ ಬಾಗಿಲಿನ ಚೌಕಟ್ಟಿನ ಲೇಬಲ್ ಮೇಲಿನ ತಯಾರಿಕೆಯ ತಿಂಗಳಿನಿಂದ, ಮಾದರಿ ವರ್ಷದಿಂದಲ್ಲ. ಆ ಲೇಬಲ್ ಕಿತ್ತುಹೋಗಿದ್ದರೆ ಅಥವಾ ಬಾಗಿಲು ಬದಲಾಗಿದ್ದರೆ ತಾಪತ್ರಯ ಶುರು.

ಪಟ್ಟಿಯಲ್ಲಿ ಹೆಸರಿದ್ದರೂ ಕಾಡುವುದು ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಹೊತ್ತಿಕೊಳ್ಳದಂತೆ ತಡೆಯುವ ಸಾಧನ. ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ, ಅಮೆರಿಕದಲ್ಲಿ ಅಂಥ ಕಾನೂನೇ ಇಲ್ಲ. ಅದರಿಂದಾಗಿಯೇ 2011ರಿಂದ 2021ರ ನಡುವಿನ ಹಲವು ಕಿಯಾ, ಹ್ಯುಂಡೈ ಕಾರುಗಳು, ವಿಶೇಷವಾಗಿ ಕೀ ತಿರುಗಿಸಿ ಹೊತ್ತಿಸುವ ಕಡಿಮೆ ಬೆಲೆಯ ಮಾದರಿಗಳು, ಅಮೆರಿಕದಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಾಟವಾದವು, ಯುಎಸ್‌ಬಿ ತಂತಿಯ ತುದಿಯಿಂದ ಅವುಗಳನ್ನು ಕದಿಯುವ ವಿಡಿಯೊಗಳು ಹರಡಿದವು. ಅದೇ ಹೆಸರಿನ ಕಾರು ಕೆನಡಾದ ಷೋರೂಮಿನಲ್ಲಿ ಇಮ್ಮೊಬಿಲೈಸರ್ ಸಮೇತ ಬರುತ್ತಿತ್ತು. ಹೆಸರು, ಬಣ್ಣ, ಎಂಜಿನ್ ಒಂದೇ ಆದ ಮಾತ್ರಕ್ಕೆ ಕಾರು ಒಂದೇ ಆಗುವುದಿಲ್ಲ. ಪಟ್ಟಿಯಲ್ಲಿ ಮಾದರಿಯ ಪಕ್ಕದಲ್ಲಿರುವ ಟಿಪ್ಪಣಿಯನ್ನು ಓದಿ, ಕಾರು ಕೊಳ್ಳುವ ಮೊದಲೇ ಕಂಪನಿಯಿಂದ ವಿಐಎನ್ ಹೆಸರಿನಲ್ಲಿ ಬರವಣಿಗೆಯ ಉತ್ತರ ತರಿಸಿಕೊಳ್ಳಿ.

ಹಗಲು ದೀಪ, ಅಂದರೆ ಹಗಲಲ್ಲೂ ಕಾರು ಓಡುವಾಗ ತಾನಾಗಿಯೇ ಉರಿಯುವ ಮುಂದಿನ ದೀಪ, ಇನ್ನೊಂದು. 1989ರ ಡಿಸೆಂಬರ್ ನಂತರ ತಯಾರಾದ ಕಾರಿಗೆಲ್ಲ ಕೆನಡಾದಲ್ಲಿ ಅದು ಬೇಕು. ಅನೇಕ ಕಾರುಗಳಲ್ಲಿ ವೈರಿಂಗ್ ಇದ್ದೇ ಇರುತ್ತದೆ, ಡೀಲರ್ ಸಾಫ್ಟ್‌ವೇರ್‌ನಲ್ಲಿ ಚಾಲೂ ಮಾಡಿಕೊಟ್ಟರೆ ಮುಗಿಯಿತು, ಇಲ್ಲದ ಕಾರಿಗೆ ಬೇರೆ ಮಾಡ್ಯೂಲ್ ಹಾಕಿಸಬೇಕು. ಸ್ಪೀಡೊಮೀಟರ್ ಕಿ.ಮೀ. ತೋರಿಸಬೇಕು. ಓಡೊಮೀಟರ್ ಮೈಲಿಯಲ್ಲೇ ಇದ್ದರೆ ನಡೆಯುತ್ತದೆ, ಮುಂದೆ ಮಾರುವಾಗ ಬೆಲೆ ತುಸು ತಗ್ಗುತ್ತದೆ ಅಷ್ಟೆ.

ರಿಕಾಲ್ ಪತ್ರವನ್ನು ಗಡಿ ದಾಟುವ ಮೊದಲೇ ಹಿಡಿದುಕೊಂಡಿರುವುದು ಒಳ್ಳೆಯದು. ರಿಕಾಲ್ ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು. ಬಾಕಿ ಉಳಿದ ರಿಕಾಲ್ ಒಂದೂ ಇಲ್ಲ ಎಂದು ಕಂಪನಿ ವಿಐಎನ್ ಸಮೇತ, ದಿನಾಂಕ ಹಾಕಿ ಕೊಡುವ ಪತ್ರ ಇದು. ರಿಕಾಲ್ ಬಾಕಿಯಿದ್ದರೆ ಅಮೆರಿಕದ ಡೀಲರ್ ಬಳಿ ಉಚಿತವಾಗಿ ಮಾಡಿಸಿಕೊಂಡೇ ಹೊರಡಿ. ಬಿಡಿಭಾಗವೇ ಬಂದಿಲ್ಲ, ಕಾಯಿರಿ ಎಂದರೆ ಕಾರಿನ ಪ್ರಯಾಣವೂ ಕಾಯಬೇಕು. ಕಂಪನಿಯ ವಾರಂಟಿ ಕೆನಡಾದಲ್ಲಿ ನಡೆಯುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ, ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ.

ಕೆನಡಾದ ದಡದಲ್ಲಿ ಮೊದಲ ಕಿಟಕಿಯ ಅಧಿಕಾರಿಗೆ ‘ಕಾರನ್ನು ಕಾಯಂ ಆಮದು ಮಾಡುತ್ತಿದ್ದೇನೆ’ ಎಂದು ನೀವಾಗಿಯೇ ಹೇಳಬೇಕು. ಸುಮ್ಮನೆ ಮುಂದೆ ಸಾಗಿದರೆ ಅದು ಪ್ರವಾಸಿಯ ಕಾರು ಎಂದೇ ಲೆಕ್ಕ, ಆಮೇಲೆ ಸರಿಪಡಿಸಲು ಗಡಿಗೇ ಮರಳಬೇಕು. ಒಳಗಿನ ಕಚೇರಿಯಲ್ಲಿ ಫಾರ್ಮ್ 1 ಎಂಬ ವಾಹನ ಆಮದು ನಮೂನೆ ತುಂಬಿ ಮುದ್ರೆ ಹಾಕಿ ಕೊಡುತ್ತಾರೆ. ಅಲ್ಲೇ ನಿಂತು ಅದರ 17 ಅಕ್ಷರದ ವಿಐಎನ್ ಅನ್ನು ಕಾರಿನ ಗಾಜಿನ ಕೆಳಗಿರುವುದರೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ. ಆರ್‌ಐವಿ ಶುಲ್ಕ ಕಟ್ಟಿ ರಿಕಾಲ್ ಪತ್ರ ಕಳಿಸಿದ ಮೇಲೆ ಫಾರ್ಮ್ 2 ಎಂಬ ತಪಾಸಣೆ ನಮೂನೆ ಬರುತ್ತದೆ. ಅದನ್ನು ಹಿಡಿದು ಆರ್‌ಐವಿ ಒಪ್ಪಿದ ಗ್ಯಾರೇಜಿನಲ್ಲಿ, ಆಮದಾದ ದಿನದಿಂದ 45 ದಿನಗಳೊಳಗೆ ತಪಾಸಣೆ ಮುಗಿಸಬೇಕು. ಇದು ದೀಪ, ಲೇಬಲ್, ಸ್ಪೀಡೊಮೀಟರ್ ಇಂಥವುಗಳ ತಪಾಸಣೆ. ಬ್ರೇಕ್, ಟೈರ್, ಸಸ್ಪೆನ್ಷನ್ ನೋಡುವ ಒಂಟಾರಿಯೊದ ಸೇಫ್ಟಿ ಸರ್ಟಿಫಿಕೇಟ್ ಬೇರೆಯೇ, ಅದಕ್ಕೆ 36 ದಿನ ಆಯುಸ್ಸು. ಎರಡನ್ನೂ ಒಂದೇ ವಾರದಲ್ಲಿ ಮಾಡಿಸಿ. ಟೆಕ್ಸಾಸ್, ಫ್ಲಾರಿಡಾಗಳ ಬಿಸಿಲಿಗೆ ಮುಂಬಾಗಿಲಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಮೊದಲೇ ಕೀಳಿಸಿ. ಒಂಟಾರಿಯೊದಲ್ಲಿ 2017ರಿಂದೀಚಿನ ಕಾರಿನ ಆ ಗಾಜು 70 ಶೇಕಡಾ ಬೆಳಕು ಬಿಡಲೇಬೇಕು.

ಇಷ್ಟೂ ದಿನ ಕಾರು ಓಡುವುದು ಅಮೆರಿಕದ ನಂಬರ್ ಪ್ಲೇಟ್, ಅಮೆರಿಕದ ವಿಮೆಯ ಮೇಲೆ. ವಿಳಾಸ ಬದಲಾಯಿತೆಂದು ತಿಳಿಸಿದ ದಿನವೇ ಆ ವಿಮೆ ನಿಲ್ಲಬಹುದು, ಆದ್ದರಿಂದ ಹೊರಡುವ ಮೊದಲೇ ಒಂಟಾರಿಯೊದ ವಿಮೆ ಯಾವ ದಿನದಿಂದ ಶುರುವಾಗಬೇಕೆಂದು ಬ್ರೋಕರ್ ಜೊತೆ ನಿಗದಿ ಮಾಡಿಕೊಳ್ಳಿ. ಅಮೆರಿಕದ ವಿಮಾ ಕಂಪನಿಯಿಂದ ಕ್ಲೇಮ್ ಇತಿಹಾಸದ ಪತ್ರವನ್ನೂ ತರಿಸಿಟ್ಟುಕೊಳ್ಳಿ, ಪ್ರೀಮಿಯಂನಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಫಾರ್ಮ್ 1, ಪಾಸಾದ ಫಾರ್ಮ್ 2, ಸೇಫ್ಟಿ ಸರ್ಟಿಫಿಕೇಟ್, ವಿಮೆ, ಟೈಟಲ್, ಖರೀದಿ ಪತ್ರ, ವಲಸೆ ಬಂದವರಾದರೆ ಬಿಎಸ್‌ಎಫ್186, ಇವುಗಳ ಮೂಲ ಪ್ರತಿ ಹಿಡಿದು ವಾಹನ ನೋಂದಾಯಿಸುವ ಸರ್ವಿಸ್ ಒಂಟಾರಿಯೊ ಕಚೇರಿಗೆ ಹೋದರೆ ಪ್ಲೇಟ್ ಕೈಗೆ ಬರುತ್ತದೆ. ಕೆಲವು ದಿನಗಳ ಮೇಲೆ ಆರ್‌ಐವಿಯಿಂದ ಅಂಚೆಯಲ್ಲಿ ಚಿಕ್ಕದೊಂದು ಲೇಬಲ್ ಬರುತ್ತದೆ. ಅದನ್ನು ಲಕೋಟೆಯಲ್ಲೇ ಬಿಡದೆ ಕಾರಿಗೆ ಅಂಟಿಸಿ.