ಪಂಪ್‌ಶೆಡ್ಡಿಗೆ ಯಾರ ಸಹಿ ಬೇಕು?

ಪೆರ್ಲದ ಹತ್ತಿರ ನಮ್ಮ ಮಾವನ ಅಡಿಕೆ ತೋಟವಿದೆ. ಗುಡ್ಡದ ಮುರಕಲ್ಲು ಕೊರೆದು ಮಾಡಿದ ಹಳೆಯ ಸುರಂಗದಿಂದ ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಬೇಸಿಗೆ ಬಂದರೆ ಧಾರೆ ಸಪೂರವಾಗುತ್ತದೆ. ಟಾಂಕಿ ತುಂಬಿತಾ ಎಂದು ನೋಡಲು ಮಾವ ದಿನಕ್ಕೆ ಮೂರು ನಾಲ್ಕು ಸಲ ಗುಡ್ಡ ಹತ್ತುತ್ತಿದ್ದರು. ಅದಕ್ಕೆ ಪಂಪ್‌ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇಟ್ಟೆ. ಈಗ ನೀರಿನ ಮಟ್ಟ ನೋಡುವುದು, ಪಂಪ್ ಹಾಕುವುದು, ಆರಿಸುವುದು ಎಲ್ಲ ಮನೆಯ ವೈಫೈಯಲ್ಲಿ, ಫೋನಿನಿಂದಲೇ.

ಪಾಸ್‌ವರ್ಡ್ ಬಯಲಲ್ಲಿ ಹೋಗಬಾರದು ಎಂದು ಎಚ್‌ಟಿಟಿಪಿಎಸ್, ಅಂದರೆ ಮಾತನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ, ಹಾಕಿದ್ದೆ. ಮಾವ ಫೋನ್ ತೆರೆದು ನೋಡಿ ಹೆದರಿದರು. "ಇದೆಂತ ಮಾರಾಯ, ಕೆಂಪು ಬರ್ತದಲ್ಲ? ಯಾರೋ ಕದೀಬಹುದು ಅಂತ ಉಂಟು."

ಬ್ರೌಸರ್ ಕೇಳಿದ್ದು ಇಷ್ಟೇ: ಈ ಸರ್ಟಿಫಿಕೇಟಿಗೆ, ಅಂದರೆ ಪುಟದ ಗುರುತಿನ ಚೀಟಿಗೆ, ಸಹಿ ಹಾಕಿದವರು ಯಾರು? ಹಾಕಿದ್ದು ಆ ಪುಟ್ಟ ಕಂಪ್ಯೂಟರೇ. ತನ್ನ ಗುರುತಿಗೆ ತಾನೇ ಸಹಿ ಮಾಡಿಕೊಂಡಿತ್ತು. ಇದನ್ನೇ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಅನ್ನುವುದು.

ನಮ್ಮ ಕಾಸರಗೋಡಿನವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ತಲಪಾಡಿ ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಸೇರಲು ಹೊರಟರೆ ನಾವು ಯಾರು, ಎಲ್ಲಿಯವರು ಎಂದು ಕಾಗದ ತೋರಿಸಬೇಕು. ಅಲ್ಲಿನ ಗುಮಾಸ್ತರಿಗೆ ನಮ್ಮ ಪರಿಚಯವಿಲ್ಲ, ವಿಲೇಜ್ ಆಫೀಸಿನ ಮುದ್ರೆಯ ಪರಿಚಯವಿದೆ. ಆದರೆ ಸಂಜೆ ಮನೆಗೆ ಬಂದು ಬಾಗಿಲು ತಟ್ಟಿದರೆ ಅಮ್ಮ ಮುದ್ರೆ ಕೇಳುತ್ತಾರಾ? ಸ್ವರ ಕೇಳಿಯೇ ಬಾಗಿಲು ತೆಗೆಯುತ್ತಾರೆ, ಅಲ್ವಾ?

ಬೇರೆಯವರ ಸರ್ಟಿಫಿಕೇಟಿಗೆ ಸಹಿ ಹಾಕುವ ಸಂಸ್ಥೆಗಳಿಗೆ ಸರ್ಟಿಫಿಕೇಟ್ ಪ್ರಾಧಿಕಾರ ಅನ್ನುತ್ತಾರೆ. ಅವು ಮಾಡುವುದು ಆ ಮುದ್ರೆಯ ಕೆಲಸ. ನಂಬಬಹುದಾದ ಪ್ರಾಧಿಕಾರಗಳ ಪಟ್ಟಿಯೊಂದು ಫೋನ್, ಕಂಪ್ಯೂಟರುಗಳಲ್ಲಿ ಮೊದಲೇ ಇರುತ್ತದೆ. ಆ ಪಟ್ಟಿಯಲ್ಲಿರುವ ಬೇರು ಸರ್ಟಿಫಿಕೇಟುಗಳಿಗೆ, ಅಂದರೆ ಉಳಿದವಕ್ಕೆ ಸಹಿ ಹಾಕುವ ಪ್ರಾಧಿಕಾರಗಳ ಮೂಲ ಸರ್ಟಿಫಿಕೇಟುಗಳಿಗೆ, ಸಹಿ ಮಾಡಿದವರು ಯಾರು? ಅವೂ ತಮಗೆ ತಾವೇ ಸಹಿ ಮಾಡಿಕೊಂಡವೇ! ಯಾರೋ ಪರಿಶೀಲಿಸಿ ಪಟ್ಟಿಗೆ ಸೇರಿಸಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಆ ಮುದ್ರೆಯೂ ಕಳ್ಳರ ಕೈಗೆ ಸಿಕ್ಕಿದ್ದುಂಟು. 2011ರಲ್ಲಿ ನೆದರ್ಲೆಂಡಿನ ಡಿಜಿನೋಟಾರ್ ಎಂಬ ಪ್ರಾಧಿಕಾರದೊಳಗೆ ನುಗ್ಗಿದವರು 500ಕ್ಕೂ ಜಾಸ್ತಿ ಸುಳ್ಳು ಸರ್ಟಿಫಿಕೇಟ್ ಮಾಡಿಕೊಂಡರು. ಗೂಗಲ್ ಹೆಸರಿನ ಒಂದನ್ನು ಇರಾನಿನ ಜನರ ಮೇಲೆ ಕಣ್ಣಿಡಲು ಬಳಸಲಾಯಿತು. ಬ್ರೌಸರುಗಳು ಆ ಪ್ರಾಧಿಕಾರವನ್ನು ಪಟ್ಟಿಯಿಂದ ತೆಗೆದುಹಾಕಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ದಿವಾಳಿಯಾಯಿತು.

ಸೆಲ್ಫ್ ಸೈನ್ಡ್ ಅಂದರೆ ಬೀಗ ಸಡಿಲ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಮಾತನ್ನು ಗೂಢಲಿಪಿಗೆ ತಿರುಗಿಸುವ ಲೆಕ್ಕ ಎರಡರಲ್ಲೂ ಒಂದೇ. ಬೀಗ ಗಟ್ಟಿಯೇ, ಬಾಗಿಲು ಯಾರ ಮನೆಯದು ಎಂಬುದಕ್ಕೆ ಮಾತ್ರ ಸಾಕ್ಷಿ ಇಲ್ಲ. ನಮ್ಮ ವೈಫೈಗೆ ನುಸುಳಿದವನು ಪಂಪ್‌ಶೆಡ್ಡಿನ ಹೆಸರಿನಲ್ಲೇ ಇನ್ನೊಂದು ಸರ್ಟಿಫಿಕೇಟ್ ಮಾಡಿ ನಡುವೆ ಕೂತರೆ, ಕೆಂಪು ಎಚ್ಚರಿಕೆಯನ್ನು ಸುಮ್ನೆ ಒತ್ತಿ ದಾಟುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಪುಟ ನೋಡುವ ಪ್ರತಿಯೊಬ್ಬರ ಹತ್ತಿರ ನಾನೇ ಹೋಗಿ, ಅವರ ಫೋನಿನಲ್ಲಿ ಸರ್ಟಿಫಿಕೇಟ್ ಸೇರಿಸಿ ಕೊಡಬಲ್ಲೆನಾ? ಮಾವ, ಅತ್ತೆ, ತೋಟದ ಕೆಲಸದ ಒಬ್ಬರು, ಒಟ್ಟು ಮೂರೇ ಜನ. ಖಂಡಿತ ಆಗುತ್ತದೆ. ಇಂಥ ಕಡೆ ಸೆಲ್ಫ್ ಸೈನ್ಡ್ ಸಾಕು. 192.168 ಎಂದು ಶುರುವಾಗುವ ಮನೆಯೊಳಗಿನ ವಿಳಾಸಕ್ಕೆ ಹೊರಗಿನ ಪ್ರಾಧಿಕಾರಗಳು ಸರ್ಟಿಫಿಕೇಟ್ ಕೊಡುವುದೂ ಇಲ್ಲ. ಇಪ್ಪತ್ತು ಮೂವತ್ತು ಯಂತ್ರಗಳಿರುವ ಆಫೀಸಾದರೆ ತಮ್ಮದೇ ಒಂದು ಬೇರು ಸರ್ಟಿಫಿಕೇಟ್ ಮಾಡಿ, ಅದರಿಂದ ಉಳಿದವಕ್ಕೆ ಸಹಿ ಹಾಕಿಸುವುದು ಒಳ್ಳೆಯದು.

ಅಪರಿಚಿತರು ಬರುವ ಪುಟಕ್ಕೆ ಸೆಲ್ಫ್ ಸೈನ್ಡ್ ಬೇಡವೇ ಬೇಡ. ನಮ್ಮ ಕಡೆಯ ಒಂದು ಸಂಸ್ಥೆಯ ವೆಬ್‌ಸೈಟಿನಲ್ಲಿ ತುಂಬ ಕಾಲ ಇಂಥದ್ದೇ ಇತ್ತು. "ಎಚ್ಚರಿಕೆ ಬಂದರೆ ಮುಂದುವರಿಯಿರಿ ಅಂತ ಒತ್ತಿ" ಎಂದು ಅವರೇ ಜನರಿಗೆ ಹೇಳಿಕೊಡುತ್ತಿದ್ದರು. ನನಗೆ ಬಹಳ ಬೇಸರವಾದದ್ದು ಇದಕ್ಕೇ. ಹಾಗೆ ಒತ್ತಿ ಅಭ್ಯಾಸವಾದ ಅಜ್ಜ ನಾಳೆ ನಕಲಿ ಬ್ಯಾಂಕ್ ಪುಟದಲ್ಲೂ ಹಾಗೇ ಒತ್ತುತ್ತಾರೆ. ದುಡ್ಡಿಲ್ಲ ಎಂಬ ಕಾರಣವೂ ಈಗ ಉಳಿದಿಲ್ಲ. 2015ರ ಕೊನೆಗೆ ಎಲ್ಲರಿಗೂ ತೆರೆದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಾಧಿಕಾರ ಸರ್ಟಿಫಿಕೇಟನ್ನು ಪುಕ್ಕಟೆಯಾಗಿಯೇ ಕೊಡುತ್ತದೆ. ಅವಧಿ ಸಾಮಾನ್ಯವಾಗಿ 90 ದಿನ, ಹೊಸತು ಮಾಡುವುದನ್ನು ಸರ್ವರೇ ನೋಡಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡರೆ ಸಂಸ್ಥೆಯ ಕಾನೂನು ಹೆಸರನ್ನೂ ಪರಿಶೀಲಿಸಿ ಬರೆಯುತ್ತಾರೆ, ಕಷ್ಟ ಬಂದಾಗ ಕೇಳಲು ಜನ ಇರುತ್ತಾರೆ. ಆದರೆ ಆ ಹೆಸರನ್ನು ವಿಳಾಸದ ಸಾಲಿನಲ್ಲಿ ತೋರಿಸುವುದನ್ನು ಕ್ರೋಮ್ ಮತ್ತು ಫೈರ್‌ಫಾಕ್ಸ್ 2019ರಲ್ಲೇ ನಿಲ್ಲಿಸಿದವು. ಊರಿನ ಸಣ್ಣ ಸೊಸೈಟಿಗೆ ಪುಕ್ಕಟೆಯದ್ದೇ ಧಾರಾಳ ಸಾಕು.

ಮಾವನ ಫೋನಿಗೆ ಸರ್ಟಿಫಿಕೇಟನ್ನು ಕೇಬಲ್ ಹಾಕಿಯೇ ಕಳಿಸಿ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದೆ. ಕೆಂಪು ಹೋಯಿತು. ಅದರ ಗುಟ್ಟಿನ ಕೀಲಿ, ಅಂದರೆ ಆ ಸರ್ಟಿಫಿಕೇಟ್ ತನ್ನದೇ ಎಂದು ತೋರಿಸಲು ಬೇಕಾದ ಫೈಲು, ಪೈ ಬಿಟ್ಟು ಬೇರೆಲ್ಲೂ ಹೋಗದಂತೆ ನೋಡಿಕೊಂಡೆ. ಅದು ಕಳುವಾದರೆ ಈ ಫೋನು ಕಳ್ಳನನ್ನೂ ನಂಬಿಬಿಡುತ್ತದೆ. ಸರ್ಟಿಫಿಕೇಟಿನ ಬೆರಳಚ್ಚು ಅಂದರೆ ಅದನ್ನು ಗುರುತಿಸುವ 64 ಅಂಕಿ ಅಕ್ಷರಗಳ ಒಂದು ಸಾಲು. ಅದನ್ನು ಪ್ರಿಂಟ್ ತೆಗೆದು ಪಂಪಿನ ಸ್ವಿಚ್‌ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಅತ್ತೆಗೆ ಹೊಸ ಫೋನ್ ಬಂದ ದಿನ ಇಬ್ಬರೂ ಅಲ್ಲಿ ನಿಂತು, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ, ಆಮೇಲೆ ಒಪ್ಪಿಗೆ ಒತ್ತಿದರಂತೆ.