ಪರದೆಯ ಮೇಲೆ ಬೀಳದ ಹನಿ

ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಸಾಂದ್ರತೆ ಅಳೆಯುವ ಟೈಟ್ರೇಷನ್ ಮುಗಿಯುವ ಹೊತ್ತಿಗೆ ಲ್ಯಾಬಿನಲ್ಲಿ ಮಾತು ತಾನಾಗಿಯೇ ನಿಲ್ಲುತ್ತದೆ. ಅಳತೆಯ ಗೆರೆಗಳಿರುವ ಗಾಜಿನ ನಳಿಕೆ ಬ್ಯುರೆಟ್‌ನಿಂದ ಹನಿ ಬಿದ್ದ ಕಡೆ ಗುಲಾಬಿ ಬಣ್ಣ ಮೂಡುತ್ತದೆ, ಫ್ಲಾಸ್ಕ್ ಆಡಿಸಿದರೆ ಮಾಯವಾಗುತ್ತದೆ. ಇನ್ನೊಂದು ಹನಿ, ಸುಮಾರು 0.05 ಮಿ.ಲೀ., ಬಿದ್ದ ಮೇಲೆ ತಿಳಿಗುಲಾಬಿ ಹಾಗೇ ನಿಂತರೆ ಅದೇ ಎಂಡ್ ಪಾಯಿಂಟ್, ಹನಿ ನಿಲ್ಲಿಸಬೇಕಾದ ಘಟ್ಟ. ಒಂದೆರಡು ಹನಿ ಹೆಚ್ಚಾಯಿತೋ, ಎಲ್ಲ ಚೆಲ್ಲಿ ಮೊದಲಿನಿಂದ ಶುರು. ಈ ಹದ ಹೇಳಿಕೊಟ್ಟರೆ ಬರುವುದಲ್ಲ, ಕೈಗೆ ಹತ್ತಬೇಕು.

1824ರಲ್ಲಿ ಜರ್ಮನಿಯ ಗೀಸನ್‌ಗೆ ಬಂದ ರಸಾಯನವಿಜ್ಞಾನಿ ಯುಸ್ಟುಸ್ ಲೀಬಿಗ್, ವಿದ್ಯಾರ್ಥಿಗಳ ಕೈಗೇ ಉಪಕರಣ ಕೊಟ್ಟು ಕಲಿಸಿದರು. ಆ ಪದ್ಧತಿ ಹರಡಿ ಪ್ರಯೋಗಶಾಲೆಯೇ ರಸಾಯನಶಾಸ್ತ್ರದ ಅರ್ಧ ಪಾಠವಾಯಿತು. ಶಾಲೆಗೆ ಬೀಗ ಬಿದ್ದರೆ ಮೊದಲು ಕೈತಪ್ಪುವುದು ಆ ಅರ್ಧವೇ.

1937ರಲ್ಲಿ ಪೋಲಿಯೊ ಹಬ್ಬಿ ಶಿಕಾಗೊದ ಶಾಲೆಗಳು ತೆರೆಯದಿದ್ದಾಗ ಮಕ್ಕಳಿಗೆ ರೇಡಿಯೊದಲ್ಲಿ ಪಾಠವಾಯಿತು. ದನಿ ಮನೆ ತಲುಪಿತು; ಬಣ್ಣ ತಲುಪುವಂತಿರಲಿಲ್ಲ. ಈ ಕೊರತೆಗೆ ನಿಜವಾದ ಉತ್ತರ ಹುಡುಕಿದ್ದು ತುರ್ತಿನ ಕಾಲದಲ್ಲಲ್ಲ. 1971ರಲ್ಲಿ ಪಾಠ ಆರಂಭಿಸಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಪ್ರಯೋಗದ ಕಿಟ್‌ಗಳನ್ನೇ ವಿದ್ಯಾರ್ಥಿಗಳ ಮನೆಗೆ ಕಳುಹಿಸಿತು. ದೂರಶಿಕ್ಷಣದ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಕೆಲಸ ಇದು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಅಂಥ ಸಿದ್ಧತೆಗೆ ಸಮಯವೇ ಇರಲಿಲ್ಲ. ಯುನೆಸ್ಕೊ ಲೆಕ್ಕದಲ್ಲಿ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ದೂರವಾದರು. ವಿಷಗಾಳಿ ಹೊರಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದ ಮನೆಯಲ್ಲಿ ಸಾಂದ್ರ ಆಮ್ಲ ಮುಟ್ಟಿಸುವಂತಿಲ್ಲ. ಉಳಿದದ್ದು ವಿನೆಗರ್, ಅಡುಗೆ ಸೋಡಾ, ಆಮ್ಲಕ್ಕೆ ಕೆಂಪಾಗಿ ಪ್ರತ್ಯಾಮ್ಲಕ್ಕೆ ಹಸಿರಾಗುವ ಕೆಂಪು ಎಲೆಕೋಸಿನ ರಸ. ಅದರಲ್ಲೂ ಎಷ್ಟೋ ಕಲಿಯಬಹುದು, ಆದರೆ ನಿಖರ ಅಳತೆ ಕಷ್ಟ.

ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಆರಂಭಿಸಿದ ಫೆಟ್‌ನಂಥ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡುವ ಅಣಕು ಪ್ರಯೋಗಗಳು, ಆಗ ನೆರವಿಗೆ ಬಂದವು. ಇವುಗಳ ಉಪಯೋಗ ಕಡಿಮೆಯೇನಲ್ಲ. ರಸಾಯನಶಾಸ್ತ್ರವನ್ನು ಕಣ್ಣಿಗೆ ಕಾಣುವ ವಸ್ತು, ಕಾಣದ ಕಣ, ಬರೆಯುವ ಸೂತ್ರ ಎಂಬ ಮೂರು ನೆಲೆಗಳಲ್ಲಿ ಅರಿಯಬೇಕೆಂದು ರಸಾಯನಶಾಸ್ತ್ರ ಬೋಧನೆಯ ಸಂಶೋಧಕ ಅಲೆಕ್ಸ್ ಜಾನ್‌ಸ್ಟನ್ ವಿವರಿಸಿದ್ದರು. ಕಣಗಳು ಡಿಕ್ಕಿಯಾಗುವುದನ್ನು ಪರದೆ ತೋರಿಸುವಷ್ಟು ಚೆನ್ನಾಗಿ ಯಾವ ಲ್ಯಾಬೂ ತೋರಿಸದು. ಆದರೆ ಪರದೆಯ ಬ್ಯುರೆಟ್ ಸೋರುವುದಿಲ್ಲ, ಅದರ ತುದಿಯಲ್ಲಿ ಗಾಳಿಗುಳ್ಳೆ ನಿಲ್ಲುವುದಿಲ್ಲ. ಮೇಷ್ಟ್ರು ಒಂದೇ ದತ್ತಾಂಶ ಕಳಿಸಿದರೆ ಎಲ್ಲ ರೆಕಾರ್ಡ್ ಪುಸ್ತಕಗಳಲ್ಲೂ ಒಂದೇ ರೀಡಿಂಗ್. ನಿನ್ನದಕ್ಕೂ ನನ್ನದಕ್ಕೂ ಯಾಕೆ ವ್ಯತ್ಯಾಸ ಬಂತು ಎಂದು ಇಬ್ಬರು ಮಕ್ಕಳು ಜಗಳಾಡಿ ದೋಷ ಹುಡುಕುವ ಆ ಹತ್ತು ನಿಮಿಷ ಅಲ್ಲಿ ಹುಟ್ಟುವುದೇ ಇಲ್ಲ.