ಪುಟ್ಟ ಹೃದಯದ ಆಪರೇಷನ್ ಆದಮೇಲೂ ವರ್ಷ ವರ್ಷ ತಪಾಸಣೆ ಯಾಕೆ?

ಹೃದಯದ ಆಪರೇಷನ್ ಆದ ಮಗು ಮೈಕೈ ತುಂಬಿಕೊಂಡು ಓಡಾಡತೊಡಗಿದರೆ ಮನೆಯವರಿಗೆ ಅಷ್ಟೇ ಸಾಕು. ಕುಮಟಾ, ಶಿರಸಿ ಕಡೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ‘ಆರಾಮ ಇದ್ದಾನಲ್ಲ, ಮುಂದಿನ ವರ್ಷ ನೋಡೋಣ’ ಅನ್ನುವುದು ಸಹಜವೇ. ಆದರೆ ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳವನ್ನು ಬಿಡಿಸಿ ಬೇರೆಡೆ ಜೋಡಿಸಿದ ಮಕ್ಕಳ ವಿಷಯದಲ್ಲಿ ಹೀಗೆ ಮುಂದೂಡುವುದು ಅಪಾಯ. ವೈದ್ಯರಿಗೂ ಇದು ತಡವಾಗಿಯೇ ಗೊತ್ತಾಯಿತು.

1933ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ಮೂವರು ವೈದ್ಯರು ಮೂರು ತಿಂಗಳ ಕೂಸೊಂದರ ಕಾಯಿಲೆಯನ್ನು ವಿವರಿಸಿದರು. ಎಡ ಕೊರೊನರಿ, ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿಯಿಂದ ಹೊರಡುವ ಬದಲು ಶ್ವಾಸಕೋಶಕ್ಕೆ ಹೋಗುವ ನಾಳದಿಂದ ಹೊರಟಿತ್ತು. ಸುಮಾರು 3 ಲಕ್ಷ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹಾಲು ಕುಡಿಯುವಾಗ ಕೂಸು ಬೆವರುತ್ತದೆ, ಏದುಸಿರು ಬಿಡುತ್ತದೆ, ಚೀರಿ ಅಳುತ್ತದೆ. ಹೊಟ್ಟೆನೋವು ಇರಬೇಕು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಹೃದಯಕ್ಕೆ ರಕ್ತ ಸಾಲದ ನೋವು. ಮೊದಲು ಆ ನಾಳವನ್ನು ಕಟ್ಟಿಬಿಡುತ್ತಿದ್ದರು. ಆಗ ಮಗುವಿಗೆ ಉಳಿಯುತ್ತಿದ್ದದ್ದು ಒಂದೇ ಕೊರೊನರಿ. ಬದುಕಿದವರಲ್ಲೂ ಕೆಲವರು ವರ್ಷಗಳ ನಂತರ ಹಠಾತ್ತನೆ ತೀರಿಕೊಂಡರು. ಹಾಗಾಗಿ ನಾಳವನ್ನು ಮಹಾಪಧಮನಿಗೇ ಜೋಡಿಸುವ ವಿಧಾನ ಬಂತು.

1975ರಲ್ಲಿ ಬ್ರೆಜಿಲ್‌ನ ಹೃದಯ ಶಸ್ತ್ರಚಿಕಿತ್ಸಕ ಅಡಿಬ್ ಜಟೇನೆ, ಹೃದಯದ ಎರಡು ದೊಡ್ಡ ನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿಗೆ ಅವನ್ನು ಸರಿಯಾದ ಜಾಗಕ್ಕೆ ತಂದರು. ಇದರಲ್ಲಿ ಪುಟಾಣಿ ಕೊರೊನರಿಗಳನ್ನೂ ಸ್ಥಳಾಂತರಿಸಬೇಕು. ನವಜಾತ ಶಿಶುವಿನಲ್ಲಿ ಅವು ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಹೀಗೆ ಬದುಕಿದ ಮಕ್ಕಳು ಬೆಳೆಯುತ್ತಾ ಹೋದಂತೆ ಕೆಲವರಲ್ಲಿ ಹೊಲಿದ ಜಾಗ ಕಿರಿದಾಗಿದ್ದು ಕಂಡಿತು. ಕಷ್ಟ ಇರುವುದು ಇಲ್ಲೇ: ನಾಳ ಬಿಡಿಸುವಾಗ ನರಗಳೂ ಕಡಿದುಹೋಗಿರುತ್ತವೆ, ಎದೆನೋವೇ ಬರದೆ ಇರಬಹುದು. ಮಗು ನೋವು ಹೇಳಲಿಲ್ಲ ಅಂದರೆ ಎಲ್ಲ ಸರಿಯಿದೆ ಎಂದಲ್ಲ.

ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್) ಬೇಕೇ ಬೇಕು. ಆದರೆ ಅವು ತೋರಿಸುವುದು ಸುಮ್ನೆ ಮಲಗಿದಾಗಿನ ಹೃದಯವನ್ನು. ಮಗು ಸ್ವಲ್ಪ ದೊಡ್ಡದಾದ ಮೇಲೆ ಟ್ರೆಡ್‌ಮಿಲ್ ಪರೀಕ್ಷೆ ಮಾಡುತ್ತಾರೆ. ಎದೆಗೆ ವೈರು ಅಂಟಿಸಿಕೊಂಡು ಮಗು ನಡೆಯುತ್ತದೆ. ಕೆಲವು ನಿಮಿಷಕ್ಕೊಮ್ಮೆ ವೇಗ, ಏರು ಎರಡನ್ನೂ ಜಾಸ್ತಿ ಮಾಡುತ್ತಾ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಾರೆ. ಸಂಶಯ ಬಂದರೆ ಸಿಟಿ ಅಥವಾ ಎಂಆರ್‌ಐ. ಆಟದ ನಡುವೆ ಮಗು ತಲೆಸುತ್ತಿ ಬಿದ್ದರೆ ಬಿಸಿಲಿಗೆ ಅಂತ ಸುಮ್ಮನಿರಬಾರದು. ಶಾಲೆಯ ಪಿಟಿ ಮೇಷ್ಟ್ರಿಗೂ ಇದು ಗೊತ್ತಿರಬೇಕು.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ ಮೇಲೆ ಅಂಗನವಾಡಿ, ಶಾಲೆಗಳಲ್ಲೇ ಹೃದಯದ ತೊಂದರೆ ಗುರುತಿಸಿ ಆಪರೇಷನ್‌ಗೆ ಕಳಿಸುವ ವ್ಯವಸ್ಥೆ ಬಂತು. ಅದು ದೊಡ್ಡ ಉಪಕಾರ. ನಂತರದ ವರ್ಷಗಳ ಓಡಾಟ ಮಾತ್ರ ಅಪ್ಪ-ಅಮ್ಮನ ಪಾಲಿನದೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್‌ಗೆ ಬಡಿದು ನಾಲ್ವರು ತೀರಿಕೊಂಡಾಗ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು. ನ್ಯಾಯವಾದ ಕೂಗು. ಆದರೆ ಆ ಮಾತೆಲ್ಲ ತುರ್ತು ಚಿಕಿತ್ಸೆಯ ಸುತ್ತಲೇ ಇತ್ತು. ತಿಂಗಳಿಗೊಂದು ದಿನ ಮಕ್ಕಳ ಹೃದಯತಜ್ಞರು ಕಾರವಾರಕ್ಕೋ ಶಿರಸಿಗೋ ಬಂದು ಎಕೋ ನೋಡುವಂತಾದರೂ ಎಷ್ಟೋ ಮಕ್ಕಳ ತಪಾಸಣೆ ತಪ್ಪುವುದಿಲ್ಲ. ಆ ಬೇಡಿಕೆಯನ್ನೂ ಜೊತೆಗೆ ಇಡಬೇಕು, ಅಲ್ವಾ?

ಅಲ್ಲಿಯವರೆಗೆ ಡಿಸ್ಚಾರ್ಜ್ ಸಮ್ಮರಿ, ಹಳೆಯ ಎಕೋ ರಿಪೋರ್ಟುಗಳ ಫೋಟೊ ಮೊಬೈಲ್‌ನಲ್ಲಿರಲಿ. ಯಾವ ನಾಳವನ್ನು ಎಲ್ಲಿಗೆ ಜೋಡಿಸಿದ್ದಾರೆ ಎಂದು ತಿಳಿಯದಿದ್ದರೆ ಹೊಸ ಡಾಕ್ಟರು ಎಲ್ಲಿ ನೋಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ.